ಶೀತಲೀಕೃತ ಭ್ರೂಣ ವರ್ಗಾವಣೆ: ಆತಂಕದ ದಿನಗಳು, ಮೊದಲೇ ಮಾಡಬೇಕಾದ ತೀರ್ಮಾನಗಳು

ಪ್ರಯೋಗಾಲಯದಲ್ಲಿ ರೂಪುಗೊಂಡ ಭ್ರೂಣವನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಿಟ್ಟು, ತಿಂಗಳುಗಳ ಅಥವಾ ವರ್ಷಗಳ ನಂತರ ಮೊದಲಿನ ಸ್ಥಿತಿಗೆ ತಂದು ಗರ್ಭಕೋಶಕ್ಕೆ ಸೇರಿಸುವ ವಿಧಾನವೇ ಶೀತಲೀಕೃತ ಭ್ರೂಣ ವರ್ಗಾವಣೆ. ಆಸ್ಪತ್ರೆಗಳಲ್ಲಿ ಇದು ‘ಎಫ್‌ಇಟಿ’ ಎಂದೇ ಪರಿಚಿತ. ಅಂಡಾಣುಗಳನ್ನು ಹೊರತೆಗೆಯುವ ಹಂತಕ್ಕೆ ಹೋಲಿಸಿದರೆ ಇದು ದೇಹಕ್ಕೆ ಹಗುರವಾದ ಚಿಕಿತ್ಸೆ. ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ. ಸ್ಕ್ಯಾನಿಂಗ್ ಪರದೆಯನ್ನು ನೋಡುತ್ತಾ ತೆಳುವಾದ ಕೊಳವೆಯ ಮೂಲಕ ಭ್ರೂಣವನ್ನು ಒಳಬಿಡುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಮನಸ್ಸಿನ ಲೆಕ್ಕ ಬೇರೆ. ಯೂರೋಪಿನ ಮಾನವ ಸಂತಾನೋತ್ಪತ್ತಿ ಮತ್ತು ಭ್ರೂಣಶಾಸ್ತ್ರ ಸಂಘವು 2015ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಇಡೀ ಚಿಕಿತ್ಸೆಯಲ್ಲಿ ಮಾನಸಿಕ ಒತ್ತಡ ಹೆಚ್ಚುವ ಘಟ್ಟಗಳಲ್ಲಿ ವರ್ಗಾವಣೆಯ ದಿನ ಹಾಗೂ ಅದರ ನಂತರದ ಕಾಯುವಿಕೆ ಮುಖ್ಯವಾದವು.

ಆತಂಕದಿಂದ ಗರ್ಭ ನಿಲ್ಲುವುದಿಲ್ಲವೇ?: ‘ನೀನು ಟೆನ್ಷನ್ ಮಾಡಿಕೊಳ್ಳುತ್ತೀಯ, ಅದಕ್ಕೇ ನಿಲ್ಲುತ್ತಿಲ್ಲ’. ಚಿಕಿತ್ಸೆಯಲ್ಲಿರುವ ಮಹಿಳೆಗೆ ಮನೆಯವರು, ನೆರೆಯವರು, ಕೆಲವೊಮ್ಮೆ ಆಸ್ಪತ್ರೆಯ ಸಿಬ್ಬಂದಿಯೂ ಹೇಳುವ ಮಾತಿದು. ಒಳ್ಳೆಯ ಉದ್ದೇಶದಿಂದ ಹೇಳಿದರೂ ಇದರ ಪರಿಣಾಮ ಕ್ರೂರ. ಆತಂಕದ ಮೇಲೆ ಅಪರಾಧಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಈ ನಂಬಿಕೆಗೆ ಆಧಾರವಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 14 ಅಧ್ಯಯನಗಳನ್ನು, 3583 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಚಿಕಿತ್ಸೆಗೆ ಮುನ್ನ ಹೆಚ್ಚು ಆತಂಕ ಅಥವಾ ಖಿನ್ನತೆ ಇದ್ದವರಿಗೂ ಕಡಿಮೆ ಇದ್ದವರಿಗೂ ಗರ್ಭಧಾರಣೆಯ ಸಾಧ್ಯತೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಹೀಗಾಗಿ ಮನಸ್ಸನ್ನು ಸಮಾಧಾನದಲ್ಲಿಡುವ ಪ್ರಯತ್ನ ಆ ಮಹಿಳೆಯ ನೆಮ್ಮದಿಗಾಗಿ ಬೇಕು. ಭ್ರೂಣ ನಿಲ್ಲಿಸುವ ಹೊಣೆಯಾಗಿ ಅದನ್ನು ಆಕೆಯ ತಲೆಗೆ ಕಟ್ಟಬೇಕಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ, ಅತ್ತರೆ, ಸಿಟ್ಟು ಬಂದರೆ ಚಿಕಿತ್ಸೆ ಕೆಡುವುದಿಲ್ಲ.

ಕೋಲ್ಕತ್ತದ ಮೊದಲ ಹೆಜ್ಜೆ: ಈ ತಂತ್ರಕ್ಕೆ ಭಾರತದಲ್ಲಿ ಹಳೆಯ ಇತಿಹಾಸವಿದೆ. ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಜನಿಸಿದ ಹೆಣ್ಣುಮಗು 53 ದಿನ ಶೈತ್ಯದಲ್ಲಿರಿಸಿದ್ದ ಭ್ರೂಣದಿಂದ ಬೆಳೆದದ್ದು ಎಂಬುದು ಅವರ ವರದಿ. ಅಂದಿನ ಸರ್ಕಾರಿ ಸಮಿತಿ ಅದನ್ನು ಒಪ್ಪಲಿಲ್ಲ. ಮಾನ್ಯತೆ ಕಾಣದೆಯೇ ಅವರು 1981ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರು ಮುಖರ್ಜಿ ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಲೇಖನ ಬರೆದ ಮೇಲಷ್ಟೇ ಆ ಸಾಧನೆಗೆ ಗೌರವ ದೊರೆಯಿತು. ಭಾರತದ ಮೊದಲ ಪ್ರನಾಳ ಶಿಶುವಿನ ವೈಜ್ಞಾನಿಕ ಶಿಲ್ಪಿ ಎಂದು ಅಲ್ಲಿಯವರೆಗೆ ಹೆಸರಾಗಿದ್ದವರು ಸ್ವತಃ ಆನಂದಕುಮಾರ್ ಅವರೇ ಎಂಬುದು ಗಮನಾರ್ಹ.

ಮುಂದೂಡಿದರೆ ನಷ್ಟವಿಲ್ಲ: ಶೈತ್ಯದಲ್ಲಿರುವ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. 32ನೇ ವಯಸ್ಸಿನಲ್ಲಿ ತೆಗೆದ ಅಂಡಾಣುವಿನಿಂದಾದ ಭ್ರೂಣ, ಮಹಿಳೆಗೆ 35 ತುಂಬಿದರೂ 32ರ ಭ್ರೂಣವಾಗಿಯೇ ಉಳಿಯುತ್ತದೆ. ಜ್ವರ ಬಂದರೆ, ಮನೆಯಲ್ಲಿ ಸಾವು ಸಂಭವಿಸಿದರೆ, ಕಚೇರಿಯಲ್ಲಿ ರಜೆ ಸಿಗದಿದ್ದರೆ ಅಥವಾ ಮನಸ್ಸು ಸಿದ್ಧವಿಲ್ಲದಿದ್ದರೆ ಒಂದೆರಡು ತಿಂಗಳು ತಡೆಯಬಹುದು. ಗರ್ಭಕೋಶದ ಒಳಪದರ ಸಾಮಾನ್ಯವಾಗಿ 7 ಮಿಲಿಮೀಟರ್‌ನಷ್ಟು ದಪ್ಪವಾಗಬೇಕು. ಆಗದಿದ್ದರೆ ವೈದ್ಯರೇ ಆ ತಿಂಗಳು ಬೇಡವೆನ್ನುತ್ತಾರೆ. ಇದನ್ನು ಸೋಲೆಂದು ಎಣಿಸುವವರೇ ಹೆಚ್ಚು. ಭ್ರೂಣ ಶೀತಲ ಪಾತ್ರೆಯಲ್ಲಿ ಸುರಕ್ಷಿತವಾಗಿಯೇ ಇರುವುದರಿಂದ ಅದು ಉಳಿತಾಯವೇ ಹೌದು.

ಒಂದೇ, ಎರಡೇ?: ಹೆಚ್ಚು ಚರ್ಚೆಗೆ ಎಡೆಮಾಡುವ ತೀರ್ಮಾನ ಇದು. ‘ಖರ್ಚು ಒಂದೇ, ಅವಳಿಯಾದರೆ ಒಂದೇ ಬಾರಿಗೆ ಸಂಸಾರ ಪೂರ್ತಿ’ ಎಂಬ ಲೆಕ್ಕಾಚಾರ ಹಲವು ಕುಟುಂಬಗಳಲ್ಲಿ ನಡೆಯುತ್ತದೆ. ಅವಳಿ ಗರ್ಭದಲ್ಲಿ ಅವಧಿಗೆ ಮುನ್ನ ಹೆರಿಗೆ, ಶಿಶುವಿನ ಕಡಿಮೆ ತೂಕ, ತಾಯಿಯ ರಕ್ತದೊತ್ತಡ ಇವೆಲ್ಲವುಗಳ ಅಪಾಯ ಹೆಚ್ಚು. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕಳೆಯಬೇಕಾಗಬಹುದಾದ ವಾರಗಳ ವೆಚ್ಚವನ್ನು ಈ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ಎರಡು ಉತ್ತಮ ಭ್ರೂಣಗಳಿದ್ದರೆ ಒಟ್ಟಿಗೆ ಬಿಡುವುದಕ್ಕೂ ಒಂದಾದ ಮೇಲೊಂದು ಬೇರೆ ಬೇರೆ ತಿಂಗಳು ಬಿಡುವುದಕ್ಕೂ ಅಂತಿಮ ಫಲದಲ್ಲಿ ದೊಡ್ಡ ಅಂತರವಿಲ್ಲವೆಂದು ಅಧ್ಯಯನಗಳು ತೋರಿಸಿವೆ. ವಯಸ್ಸು, ಭ್ರೂಣದ ಗುಣಮಟ್ಟ, ಹಿಂದಿನ ವಿಫಲ ಯತ್ನಗಳನ್ನು ನೋಡಿ ವೈದ್ಯರು ಬೇರೆ ಸಲಹೆ ನೀಡಬಹುದು. ಯಾವುದೇ ಆಗಲಿ, ಹೊಟ್ಟೆಯಲ್ಲಿ ತುಂಬಿದ ಮೂತ್ರಕೋಶ ಹೊತ್ತು ಮೇಜಿನ ಮೇಲೆ ಮಲಗಿರುವಾಗ ಕೇಳಿಸಿಕೊಂಡು ‘ಹೂಂ’ ಎನ್ನುವ ವಿಷಯ ಇದಲ್ಲ. ವಾರದ ಮುಂಚೆ ದಂಪತಿ ಕುಳಿತು ಮಾತಾಡಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಆಯ್ಕೆ, ಸಹಜ ಋತುಚಕ್ರವನ್ನು ಅನುಸರಿಸುವುದೋ ಹಾರ್ಮೋನ್ ಮಾತ್ರೆಗಳಿಂದ ಒಳಪದರ ಸಿದ್ಧಪಡಿಸುವುದೋ ಎಂಬುದು. ಮಾತ್ರೆಯ ವಿಧಾನದಲ್ಲಿ ದಿನಾಂಕ ನಿಗದಿ ಸುಲಭ. ದೂರದ ಊರಿನಿಂದ ಬರುವವರಿಗೆ ಅನುಕೂಲ. ಆದರೆ ಈ ವಿಧಾನದಲ್ಲಿ ಗರ್ಭಿಣಿಯರಿಗೆ ಅಧಿಕ ರಕ್ತದೊತ್ತಡದ ತೊಂದರೆ ಹೆಚ್ಚಾಗಿ ಕಂಡುಬಂದಿದೆ. ಮುಟ್ಟು ನಿಯಮಿತವಾಗಿರುವವರು ಸಹಜ ಚಕ್ರದ ಬಗ್ಗೆ ಕೇಳಿ ನೋಡಬಹುದು.

‘ಹೆಚ್ಚುವರಿ’ ಚಿಕಿತ್ಸೆಗಳು: ಆತಂಕದಲ್ಲಿರುವವರು ಏನು ಹೇಳಿದರೂ ಒಪ್ಪುತ್ತಾರೆ. ಗರ್ಭಕೋಶದ ಒಳಪದರವನ್ನು ಮೊದಲೇ ಕೆರೆಯುವ ‘ಸ್ಕ್ರಾಚಿಂಗ್’ ಇದಕ್ಕೆ ಉದಾಹರಣೆ. 1364 ಮಹಿಳೆಯರ ಮೇಲೆ ನಡೆದ, 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆರೆಸಿಕೊಂಡವರಲ್ಲೂ ಕೆರೆಸಿಕೊಳ್ಳದವರಲ್ಲೂ ಶೇ 26.1ರಷ್ಟು ಮಂದಿಗೆ ಜೀವಂತ ಶಿಶು ಜನನವಾಯಿತು. ಹೊಸ ಚುಚ್ಚುಮದ್ದು, ಹೊಸ ಪರೀಕ್ಷೆ ಎಂದಾಗ ‘ನನ್ನ ವಿಷಯದಲ್ಲಿ ಇದರಿಂದ ಏನು ಲಾಭ, ಬಿಟ್ಟರೆ ಏನು ನಷ್ಟ’ ಎಂಬ ಎರಡು ಪ್ರಶ್ನೆ ಕೇಳಲು ಸಂಕೋಚಪಡಬೇಕಿಲ್ಲ.

ಬೆಳಗಿನ ದೂರವಾಣಿ ಕರೆ: ವರ್ಗಾವಣೆಯ ದಿನ ಬೆಳಿಗ್ಗೆ ಭ್ರೂಣವನ್ನು ಶೈತ್ಯದಿಂದ ಹೊರತೆಗೆಯಲಾಗುತ್ತದೆ. ಈಗಿನ ಕ್ಷಿಪ್ರ ಶೀತಲೀಕರಣ ವಿಧಾನದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಭ್ರೂಣಗಳು ಉಳಿಯುತ್ತವೆ. ಉಳಿಯದ ಆ ಒಂದು ತಮ್ಮದೇ ಆಗಿದ್ದರೆ? ಈ ಭಯ ಸಹಜ. ಹಾಗಾದರೆ ಎರಡನೆಯದನ್ನು ತೆಗೆಯಬೇಕೇ, ಆ ತಿಂಗಳು ನಿಲ್ಲಿಸಬೇಕೇ ಎಂಬುದನ್ನು ಮುಂಚಿತವಾಗಿ ಬರೆದುಕೊಟ್ಟಿದ್ದರೆ ಆಸ್ಪತ್ರೆಯಿಂದ ಕರೆ ಬಂದಾಗ ದಾರಿಯಲ್ಲಿ, ಬಸ್ಸಿನಲ್ಲಿ ನಿಂತು ನಿರ್ಧರಿಸುವ ಸಂಕಟ ತಪ್ಪುತ್ತದೆ. ಯಾರ ಮೊಬೈಲಿಗೆ ಕರೆ ಮಾಡಬೇಕೆಂಬುದೂ ತೀರ್ಮಾನವೇ. ಕೆಲವರಿಗೆ ಪತಿಯ ಬಾಯಿಂದ ಕೇಳುವುದು ಸಮಾಧಾನ, ಕೆಲವರಿಗೆ ನೇರವಾಗಿ ತಿಳಿಯಬೇಕು.

ಕಾನೂನು ಹೇಳುವುದೇನು?: ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ 2021, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಚಿಕಿತ್ಸೆಯ ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮ, ಬಹುಗರ್ಭದ ಅಪಾಯಗಳನ್ನು ವಿವರಿಸಿ ಆಪ್ತಸಮಾಲೋಚನೆ ಒದಗಿಸುವುದು ಕೇಂದ್ರದ ಕರ್ತವ್ಯ. ಕೇಳಿ ಪಡೆಯಬೇಕಾದ ಉಪಕಾರವಲ್ಲ. ಲಿಖಿತ ಒಪ್ಪಿಗೆ ಕಡ್ಡಾಯ. ಭ್ರೂಣ ಗರ್ಭಕೋಶ ಸೇರುವ ಮುನ್ನ ಯಾವ ಕ್ಷಣದಲ್ಲಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು. ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇರಿಸುವಂತಿಲ್ಲ. ಪತಿ ಅಥವಾ ಪತ್ನಿ ಮೃತಪಟ್ಟರೆ ಉಳಿದ ಭ್ರೂಣಗಳನ್ನು ಏನು ಮಾಡಬೇಕೆಂದೂ ಮೊದಲೇ ಬರೆದುಕೊಡಬೇಕು. ಕಹಿಯೆನಿಸಿದರೂ ಓದದೆ ಸಹಿ ಹಾಕುವ ಪುಟ ಅದಲ್ಲ. ಪ್ರತಿ ಕೇಂದ್ರದಲ್ಲೂ ಕುಂದುಕೊರತೆ ವಿಭಾಗವಿರಬೇಕೆಂಬುದು ಕಾಯ್ದೆಯ ನಿಯಮ.

ಯಾರಿಗೆ ತಿಳಿಸಬೇಕು?: ಸೀಮಂತಕ್ಕೆ, ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ‘ಏನಾದರೂ ವಿಶೇಷವೇ?’ ಎಂಬ ಪ್ರಶ್ನೆ ಎದುರಾಗುವ ಸಮಾಜ ನಮ್ಮದು. ವರ್ಗಾವಣೆಯ ದಿನಾಂಕ ಹತ್ತು ಮಂದಿಗೆ ತಿಳಿದರೆ ಫಲಿತಾಂಶದ ದಿನ ಹತ್ತು ಮಂದಿಗೆ ಉತ್ತರಿಸಬೇಕು. ಒಬ್ಬಿಬ್ಬರು ಆಪ್ತರಿಗೆ ಮಾತ್ರ ತಿಳಿಸಿ, ಉಳಿದವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಅವರಿಗೇ ಒಪ್ಪಿಸುವುದು ಒಂದು ದಾರಿ. ಆ ಎರಡು ವಾರ ಸಮಾರಂಭಗಳಿಗೆ ಹೋಗದಿದ್ದರೂ ತಪ್ಪೇನಿಲ್ಲ.

ಭ್ರೂಣ ಜಾರಿಬೀಳುವುದಿಲ್ಲ: ವರ್ಗಾವಣೆಯ ನಂತರ ಮೂರು ದಿನ ಹಾಸಿಗೆ ಬಿಟ್ಟೇಳಬಾರದು, ಆಟೋದಲ್ಲಿ ಕುಲುಕಬಾರದು, ಶೌಚಕ್ಕೆ ಹೋಗಲೂ ಹೆದರಬೇಕು ಎಂಬ ಮಾತುಗಳಿವೆ. ಗರ್ಭಕೋಶ ಖಾಲಿ ಚೀಲವಲ್ಲ. ಅದರ ಒಳಗೋಡೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಸಾಸಿವೆಗಿಂತಲೂ ಬಹಳ ಚಿಕ್ಕದಾದ ಭ್ರೂಣ ನಡುವೆ ಸಿಕ್ಕಿಕೊಂಡಿರುತ್ತದೆ. ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭಧಾರಣೆ ಹೆಚ್ಚುವುದಿಲ್ಲವೆಂದು ಅಧ್ಯಯನಗಳು ಹೇಳುತ್ತವೆ. ನಡೆದಾಡುವುದು, ಅಡುಗೆ, ಕಚೇರಿ ಕೆಲಸ ಎಲ್ಲಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಎದೆಯ ನೋವು, ಹೊಟ್ಟೆಯುಬ್ಬರ, ಮಂಪರು ಇವು ಗರ್ಭದ ಲಕ್ಷಣವೂ ಆಗಿರಬಹುದು, ಪ್ರೊಜೆಸ್ಟರಾನ್ ಔಷಧದ ಪರಿಣಾಮವೂ ಆಗಿರಬಹುದು. ಎರಡನ್ನೂ ಮೈ ಮುಟ್ಟಿ ಬೇರ್ಪಡಿಸಲು ಬರುವುದಿಲ್ಲ. ರಕ್ತದ ಕಲೆ ಕಂಡಾಕ್ಷಣ ಎಲ್ಲ ಮುಗಿಯಿತೆಂದು ಔಷಧ ನಿಲ್ಲಿಸುವುದು ಅಪಾಯಕರ. ರಕ್ತಪರೀಕ್ಷೆಯ ವರದಿ ಬಂದ ಮೇಲೆ ವೈದ್ಯರೇ ಹೇಳಬೇಕು.

ಈ ಕಾಯುವಿಕೆಗೆಂದೇ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಜ್ಞರು ಹತ್ತು ವಾಕ್ಯಗಳ ಪುಟ್ಟ ಕಾರ್ಡೊಂದನ್ನು ರೂಪಿಸಿದ್ದಾರೆ. ಪರಿಸ್ಥಿತಿಯಲ್ಲಿ ತನಗೆ ಒಳಿತೆನಿಸುವ ಅಂಶದತ್ತ ಗಮನ ಹರಿಸುವಂತೆ ಮಾಡುವ ಆ ವಾಕ್ಯಗಳನ್ನು ಬೆಳಿಗ್ಗೆ, ಸಂಜೆ ಓದಿಕೊಳ್ಳಬೇಕು. ಅಂಥ ಸಾಲುಗಳನ್ನು ಕನ್ನಡದಲ್ಲಿ ತಾವೇ ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ನಿದ್ದೆ, ಊಟ ಪೂರ್ತಿ ತಪ್ಪಿದರೆ ಅಥವಾ ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮೇಲುಸ್ತುವಾರಿ ವಹಿಸಿರುವ ಈ ಉಚಿತ ಸೇವೆ ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ.