ಎಡನೀರಿನ ಹೆಸರು, ಹೈಡೆಲ್‌ಬರ್ಗಿನ ವಿಚಾರ

ಭಾರತದಲ್ಲಿ ಕಾನೂನು ಓದಿದವರಲ್ಲಿ ‘ಕೇಶವಾನಂದ ಭಾರತಿ’ ಎಂಬ ಹೆಸರನ್ನು ಕೇಳದವರಿಲ್ಲ. ಆ ಹೆಸರಿನ ಯತಿಗಳು ನಮ್ಮ ಕಾಸರಗೋಡಿನ ಚೆರ್ಕಳದ ಸಮೀಪದ ಎಡನೀರು ಮಠಾಧೀಶರಾಗಿದ್ದರೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಅವರನ್ನೇಕೆ ದೂರಬೇಕು? ಈ ಮೊಕದ್ದಮೆಯ ಹಿಂದೆ ಒಬ್ಬ ಜರ್ಮನ್ ವಿದ್ವಾಂಸರ ಉಪನ್ಯಾಸವಿತ್ತೆಂಬುದನ್ನು ನಾನು ತಿಳಿದದ್ದೂ ನಿವೃತ್ತಿಯ ಬಳಿಕವೇ.

ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಡೀಟ್ರಿಷ್ ಕಾನ್ರಾಡ್ ಅವರು 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಾತನಾಡಿದರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ, ಅಕ್ಷರದಲ್ಲಿ ಬರೆಯದಿದ್ದರೂ, ಒಂದು ಎಲ್ಲೆಯಿರಲೇಬೇಕೆಂಬುದು ಅವರ ವಾದ. ತಿದ್ದುಪಡಿಯ ಹೆಸರಿನಲ್ಲಿ ಸಂವಿಧಾನವನ್ನೇ ರದ್ದುಮಾಡಿ ಮೊಗಲ್ ಬಾದಶಹನ ಆಳ್ವಿಕೆಯನ್ನು ಮರಳಿ ತರಬಹುದೇ ಎಂದು ಅವರು ಕೇಳಿದ್ದರು. ವಿನೋದದಂತೆ ಕಂಡರೂ ಇದು ನೊಂದ ನಾಡಿನ ಪ್ರಶ್ನೆ. ಜರ್ಮನಿಯ ವೈಮಾರ್ ಸಂವಿಧಾನದಲ್ಲಿ ತಿದ್ದುಪಡಿಗೆ ಅಂತಹ ಎಲ್ಲೆಯಿರಲಿಲ್ಲ. 1933ರಲ್ಲಿ ಮೂರನೆಯ ಎರಡರಷ್ಟು ಬಹುಮತದ ಕಾನೂನಿನಿಂದಲೇ ಹಿಟ್ಲರನಿಗೆ ಸರ್ವಾಧಿಕಾರ ದೊರೆಯಿತು. 1949ರ ಹೊಸ ಸಂವಿಧಾನದಲ್ಲಿ ಜರ್ಮನರು ಕೆಲವು ತತ್ತ್ವಗಳನ್ನು ತಿದ್ದುಪಡಿಯ ಕೈಗೆಟುಕದಂತೆ ಇರಿಸಿದರು.

ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ಎಂ.ಕೆ. ನಂಬಿಯಾರರು ಈ ವಿಚಾರವನ್ನು ಗೋಲಕನಾಥ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದಿರಿಸಿದರು. 1967ರ ಆ ತೀರ್ಪು ಬೇರೆ ದಾರಿ ಹಿಡಿದು, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗಿಲ್ಲವೆಂದಿತು. 1971ರಲ್ಲಿ ಸಂಸತ್ತು 24ನೆಯ ತಿದ್ದುಪಡಿಯಿಂದ ಆ ಅಧಿಕಾರವನ್ನು ಮರಳಿ ಪಡೆಯಿತು.

ಇತ್ತ 1956ರಲ್ಲಿ ಕಾಸರಗೋಡು ಕೇರಳದ ಪಾಲಾದ್ದರಿಂದ ಎಡನೀರು ಮಠದ ಭೂಮಿಗೂ ಕೇರಳದ ಭೂಸುಧಾರಣಾ ಕಾನೂನು ಅನ್ವಯಿಸಿತ್ತು. ಅದನ್ನು ಪ್ರಶ್ನಿಸಿ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಭೂಮಿಯ ತಕರಾರು ಸಂಸತ್ತಿನ ಅಧಿಕಾರದ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ನ್ಯಾಯಾಧೀಶರ ಮುಂದೆ 68 ದಿನ ವಾದ ನಡೆಯಿತು. ಸ್ವಾಮಿಗಳ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್.ಎಂ. ಸೀರ್ವಾಯಿ. 1973ರ ಏಪ್ರಿಲ್ 24ರಂದು ಏಳು–ಆರರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸಲಾಗದು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ಮತವೇ ನಿರ್ಣಾಯಕವಾಯಿತು. ಅವರು ತಮ್ಮ ತೀರ್ಪಿನಲ್ಲಿ ಕಾನ್ರಾಡರನ್ನು ಸ್ಮರಿಸಿದರು.

ಗಡಿನಾಡಿನ ಕನ್ನಡಿಗರಾದ ನಮಗೆ ಇದು ದೂರದ ಪಾಂಡಿತ್ಯವಲ್ಲ. ಯಾವ ಸದನದಲ್ಲಿಯೂ ಮೂರನೆಯ ಎರಡರಷ್ಟು ಬಹುಮತ ನಮ್ಮದಾಗುವಂತಿಲ್ಲ. ಬಹುಮತಕ್ಕೂ ಎಲ್ಲೆಯಿದೆಯೆಂಬ ಮಾತು ಎಣಿಕೆಯಲ್ಲಿ ಕಡಿಮೆಯಿರುವವರಿಗಲ್ಲದೆ ಇನ್ನಾರಿಗೆ ಹೆಚ್ಚು ಬೇಕು? ಆದರೆ ತಿದ್ದುಪಡಿಯೆಲ್ಲವೂ ಕೇಡೆಂದು ನಾನು ಹೇಳಲಾರೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿ ನಮಗೆ ದೊರೆತದ್ದು 1956ರ ಏಳನೆಯ ತಿದ್ದುಪಡಿಯಿಂದಲೇ. ಮುಖ್ಯೋಪಾಧ್ಯಾಯನಾಗಿದ್ದಾಗ ಕನ್ನಡ ಅಧ್ಯಾಪಕರನ್ನು ಬೇಡುವ ಅರ್ಜಿಗಳಲ್ಲೆಲ್ಲ ಅದನ್ನು ಬರೆಯುತ್ತಿದ್ದೆ. ಕೆಲವಕ್ಕೆ ಅಧ್ಯಾಪಕರು ಬಂದರು, ಕೆಲವಕ್ಕೆ ಉತ್ತರವೂ ಬರಲಿಲ್ಲ.

ಹೆಸರು ಉಳಿಯಿತು, ಮಠಕ್ಕೆ ಭೂಮಿ ಮರಳಲಿಲ್ಲ. 2020ರ ಸೆಪ್ಟೆಂಬರ್ 6ರಂದು ಸ್ವಾಮಿಗಳು ಬ್ರಹ್ಮೈಕ್ಯರಾದಾಗ ದೇಶದ ಪತ್ರಿಕೆಗಳು ಮೊಕದ್ದಮೆಯನ್ನು ನೆನೆದವು. ನಮ್ಮೂರಿನವರು ಅವರ ಸಂಗೀತವನ್ನೂ ಯಕ್ಷಗಾನದ ಭಾಗವತಿಕೆಯನ್ನೂ ನೆನೆದರು.