ರದ್ದಿ ಮತ್ತು ಅರ್ಜಿ

ನಮ್ಮ ಬಿಜಾಪುರದ ಕಡೆ ಹೆಣ್ಣುಮಕ್ಕಳು ಕೆಲಸ ಹುಡುಕುವುದಿಲ್ಲ. ಕೆಲಸ ತಾನಾಗಿಯೇ ಅವರನ್ನು ಹುಡುಕಿಕೊಂಡು ಬರುತ್ತದೆ, ನಸುಕಿನಲ್ಲಿ ನಳಕ್ಕೆ ನೀರು ಬಂದಾಗಿನಿಂದ ರಾತ್ರಿ ಒಲೆಯ ಕಟ್ಟೆ ಒರೆಸುವ ತನಕ. ಹುಡುಕಬೇಕಾದದ್ದು ನೌಕರಿ, ಅಂದರೆ ತಿಂಗಳಾದ ಮೇಲೆ ಪಗಾರ ಬರುವಂಥದ್ದು. ಮೈಸೂರು ಸೀಮೆಯವರು ಎರಡಕ್ಕೂ ‘ಕೆಲಸ’ ಎಂದೇ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಮಾತು ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗೆ ಅನ್ನಿಸಿದೆ.

ನೌಕರಿ ಎಂಬ ಮಾತು ಬಂದದ್ದು ಬಹಳ ದೂರದಿಂದ. ಮಂಗೋಲರ ಭಾಷೆಯಲ್ಲಿ ‘ನೋಕೊರ್’ ಎಂದರೆ ಒಡೆಯನ ಬೆನ್ನಿಗೆ ನಿಂತ ಸಂಗಾತಿ. ಅದು ಪಾರಸಿಗೆ ಬಂದು ‘ನೌಕರ’ ಆಯಿತು, ಅಲ್ಲಿಂದ ನಮ್ಮ ಮನೆ ಬಾಗಿಲಿಗೆ ಬಂತು. ಬರುವ ಹಾದಿಯಲ್ಲಿ ಸಂಗಾತಿ ಹೋಗಿ ಆಳು ಉಳಿದ. ಪಗಾರ ಪೋರ್ತುಗೀಜರ ಮಾತು. ಹುದ್ದೆ, ಖಾಲಿ, ಜಾಹೀರಾತು, ಅರ್ಜಿ ಇವೆಲ್ಲ ಅರಬ್ಬಿ ಮೂಲದವು, ಸುಲ್ತಾನರ ಕಚೇರಿಗಳಿಂದ ಬಂದವು. ಅರ್ಜಿಯನ್ನು ತಿರಸ್ಕರಿಸಿದರೆ ‘ರದ್ದು’. ನಾವು ವರ್ಷಕ್ಕೊಮ್ಮೆ ತೂಕಕ್ಕೆ ಹಾಕುವ ‘ರದ್ದಿ’ಯೂ ಅದೇ ಮೂಲದಿಂದ ಹುಟ್ಟಿದ ಮಾತು: ಬೇಡವೆಂದು ಹಿಂದಕ್ಕೆ ಕಳಿಸಿದ್ದು.

ಈ ಮಾತುಗಳ ಗೋಜಿಗೆ ನಾನು ಬಿದ್ದದ್ದಕ್ಕೆ ಕಾರಣವಿದೆ. ಅಥಣಿ ರಸ್ತೆಯ ನಮ್ಮ ಮನೆ ಎರಡು ಕೋಣೆ, ಒಂದು ಅಡಿಗೆಮನೆಯದು. ಅದರಲ್ಲಿ ನಾಲ್ಕು ಜನ. ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಹನ್ನೊಂದು ವರ್ಷ ಕಾರಕೂನಿಕೆ ಮಾಡಿದ ಮೇಲೆ, ಮಕ್ಕಳ ಸಂಖ್ಯೆ ಇಳಿಯಿತೆಂದು 2024ರಲ್ಲಿ ನನ್ನನ್ನು ಬಿಡಿಸಿದರು. ಅದೇ ಹೊತ್ತಿಗೆ ಎಂ.ಎ. ಓದುವ ಮಗಳಿಗೆ ಒಂದು ಟೇಬಲ್ ಬೇಕಾಯಿತು. ಟೇಬಲ್ಲಿಗೆ ಜಾಗ ಬೇಕೆಂದರೆ ಸಾಮಾನು ತೆಗೆಯಬೇಕು, ನೌಕರಿ ಬೇಕೆಂದರೆ ಸಾಮಾನಿನೊಳಗಿನ ಕಾಗದ ತೆಗೆಯಬೇಕು. ಹೀಗೆ ಎರಡೂ ಒಂದೇ ಕೆಲಸವಾಯಿತು. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಮೊಬೈಲು.

ಮನೆ ಸ್ವಚ್ಛ ಮಾಡುವುದು ನಮಗೇನು ಹೊಸದಲ್ಲ. ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊರಗೆ ಬರುತ್ತದೆ. ತೊಳೆದು ಬಿಸಿಲಿಗೆ ಹಾಕಿ, ಸಂಜೆ ಎಲ್ಲವನ್ನೂ ಮತ್ತೆ ಒಳಗೆ ಒಯ್ಯುತ್ತೇವೆ. ಹೊರಗೆ ಹೋಗುವುದು ಧೂಳು ಮಾತ್ರ, ಸಾಮಾನಲ್ಲ. ಹಳೆಯ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಕೂಸಿನ ಹಾಸಿಗೆ, ಅದೂ ಹರಿದರೆ ನೆಲ ಒರೆಸುವ ಅರಿವೆ. ಮಗಳು ಜಪಾನಿನ ಮರಿ ಕೊಂಡೊ ಎಂಬಾಕೆಯ ಪದ್ಧತಿ ಹೇಳಿದಳು. 2011ರಲ್ಲಿ ಆಕೆಯ ಪುಸ್ತಕ ಬಂದು ಜಗತ್ತೆಲ್ಲ ಮಾರಾಟವಾಯಿತಂತೆ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಸಂತೋಷ ಕೊಡುತ್ತದೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು, ಕೊಡದಿದ್ದರೆ ಧನ್ಯವಾದ ಹೇಳಿ ಬೀಳ್ಕೊಡಬೇಕು. ಒಳ್ಳೆಯ ಮಾತೇ. ಆದರೆ ಪಗಾರವಿಲ್ಲದ ಮನೆಯಲ್ಲಿ ಕೈಗೆ ಬಂದ ವಸ್ತುವನ್ನು ಕೇಳುವ ಪ್ರಶ್ನೆ ಬೇರೆ: ನೀನು ಮುಂದೆ ಉಪಯೋಗಕ್ಕೆ ಬರುತ್ತೀಯಾ, ಇಲ್ಲಾ?

ಕಾಗದಗಳೆಲ್ಲ ಇದ್ದದ್ದು ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿ. ಎಲ್ಲಕ್ಕಿಂತ ಕೆಳಗೆ, ಬಿಸ್ಕೀಟಿನ ಡಬ್ಬಿಯೊಳಗೆ, ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ಮಡಿಕೆಗಳೆಲ್ಲ ಸವೆದು ಬೆಳಕು ಬರುತ್ತಿತ್ತು. ನನ್ನ ಅತ್ತೆಯವರ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು, 1955ನೇ ಇಸವಿಯದು. ಅದನ್ನು ಬದಿಗೆ ಇಡುವಷ್ಟರಲ್ಲಿ ಹಾಸಿಗೆಯ ಮೇಲಿಂದ ದನಿ ಬಂತು.

“ಅದನ್ನ ಮುಟ್ಟಬ್ಯಾಡವಾ. ಅದು ನನ್ನ ನೌಕರಿ ಐತಿ.”

“ಮಾಡಲಾರದ ನೌಕರಿ ಅಲ್ರೀ ಅತ್ತೀ?”

“ಮಾಡಲಿಲ್ಲಂದ್ರ ಏನಾತು? ಪಾಸಂತೂ ಆಗೀನಲ್ಲ!”

ಇಂದಿನ ಓದುಗರಿಗೆ ಮುಲ್ಕಿಯ ಬೆಲೆ ತಿಳಿಯಲಿಕ್ಕಿಲ್ಲ. 1956ರ ನವೆಂಬರ್ 1ರ ವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ ಏಳನೇ ಇಯತ್ತೆ ಮುಗಿಸಿ ಕೊಡುವ ಸರಕಾರಿ ಪರೀಕ್ಷೆಯೇ ಮುಲ್ಕಿ. ಪಾಸಾದವರು ಕನ್ನಡ ಶಾಲೆಯ ಮಾಸ್ತರರಾಗಬಹುದಿತ್ತು, ಹೆಣ್ಣುಮಕ್ಕಳು ಅಕ್ಕಾವರಾಗಬಹುದಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣಿಗೆ ಪಗಾರದ, ಜೊತೆಗೆ ಮರ್ಯಾದೆಯ ಬಾಗಿಲು ಮೊದಲು ತೆರೆದದ್ದು ಹೀಗೆ. ಅಕ್ಕಾವರು ಓಣಿಯಲ್ಲಿ ಬಂದರೆ ಗಂಡಸರೂ ಕಟ್ಟೆಯಿಂದ ಏಳುತ್ತಿದ್ದರಂತೆ. ಟಿಕೋಟಾದಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರಿಗೆ ಬಬಲೇಶ್ವರದ ಆಚೆಯ ಹಳ್ಳಿಯೊಂದರಲ್ಲಿ ಶಾಲೆ ಸಿಗುವಂತಿತ್ತು. ಒಬ್ಬಳೇ ಹೇಗೆ ಇರುತ್ತಾಳೆ ಎಂದರು ಅವರ ಅಪ್ಪ. ಆ ಬೇಸಿಗೆಯಲ್ಲೇ ಲಗ್ನವಾಯಿತು. ಕಾಗದ ಮಾತ್ರ ಸೀರೆಗಳ ನಡುವೆ ಇವರ ಜೊತೆ ಬಂತು. ಎಪ್ಪತ್ತು ವರ್ಷಗಳಲ್ಲಿ ಆ ಮನೆ ಎರಡು ಪಾಲಾಗಿದೆ, ಹೊಲ ಹೋಗಿದೆ, ಹಿತ್ತಾಳೆಯ ಹಂಡೆ ಮಾರಿದ್ದಾಗಿದೆ. ಮುಲ್ಕಿಯ ಕಾಗದ ಎಲ್ಲಿಯೂ ಹೋಗಿಲ್ಲ.

ಅದರ ಮೇಲಿನ ಪದರದಲ್ಲಿ ಇದ್ದದ್ದು ನನ್ನವು. 1995ರಲ್ಲಿ ಪಾಸು ಮಾಡಿದ ಟೈಪಿಂಗ್, ಕನ್ನಡ ಜೂನಿಯರ್, ಇಂಗ್ಲಿಷ್ ಜೂನಿಯರ್, ಆಮೇಲೆ ಸೀನಿಯರ್. ಆಗ ಪ್ರತಿಯೊಂದು ಊರಿನಲ್ಲೂ ಒಂದು ಟೈಪಿಂಗ್ ಕ್ಲಾಸು, ಅದರ ಕಿಟಕಿಯಿಂದ ಬೀದಿಗೆ ಕೇಳುವ ಮಳೆಯಂಥ ಸದ್ದು. ಕನ್ನಡದ ಒತ್ತಕ್ಷರ, ಗುಣಿತಗಳನ್ನೆಲ್ಲ ಅಷ್ಟೇ ಕೀಲಿಗಳಲ್ಲಿ ಕೂಡಿಸುವುದು ಸಣ್ಣ ಮಾತಲ್ಲ. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ರೂಪಿಸಿಕೊಟ್ಟಿದ್ದರಿಂದಲೇ ನಮ್ಮಂಥವರ ಬೆರಳಿಗೆ ಒಂದು ನೌಕರಿಯ ಆಸೆ ಹುಟ್ಟಿತು. ನನ್ನ ವಾರಿಗೆಯ ಎಷ್ಟೋ ಹುಡುಗಿಯರಿಗೆ ಮನೆಯಿಂದ ಒಂದು ತಾಸು ಹೊರಗೆ ಹೋಗಲು ಸಿಕ್ಕ ಒಪ್ಪಿಗೆಯೂ ಅದೇ ಆಗಿತ್ತು.

ಜೊತೆಗೆ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು. ನಮ್ಮ ಬಾಯಲ್ಲಿ ‘ಎಂಪ್ಲಾಯ್‌ಮೆಂಟ್ ಕಾರ್ಡು’. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಾಗ, 1945ರಲ್ಲಿ, ಸೈನ್ಯದಿಂದ ಮರಳುವವರಿಗಾಗಿ ಶುರುವಾದ ಈ ಕೇಂದ್ರಗಳು 1948ರಲ್ಲಿ ಎಲ್ಲರಿಗೂ ತೆರೆದವು. ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಲೇಬೇಕೆಂದು 1959ರ ಕಾಯಿದೆ ವಿಧಿಸಿತ್ತು. ಆದರೆ ಅಲ್ಲಿ ಹೆಸರಿದ್ದವರನ್ನೇ ತೆಗೆದುಕೊಳ್ಳಬೇಕೆಂದು ಅದರಲ್ಲಿ ಇರಲಿಲ್ಲ. ಇಡೀ ದೇಶದ ಹುಡುಗ-ಹುಡುಗಿಯರು ಮೂರು ವರ್ಷಕ್ಕೊಮ್ಮೆ ಸರದಿ ನಿಂತು ಕಾರ್ಡಿಗೆ ಹೊಸ ಠಸ್ಸೆ ಹಾಕಿಸಿಕೊಳ್ಳುತ್ತಿದ್ದದ್ದು ಈ ಸಣ್ಣ ವ್ಯತ್ಯಾಸ ಗೊತ್ತಿಲ್ಲದೆ. ನನ್ನ ಕಾರ್ಡಿನ ಮೇಲೆ ಒಂದೇ ಠಸ್ಸೆ ಇದೆ. 1999ರಲ್ಲಿ ನನ್ನ ಲಗ್ನವಾಯಿತು.

ಮೊಬೈಲಿನಲ್ಲಿ ನೌಕರಿ ಹುಡುಕಲು ಕೂತ ದಿನ ಮಗಳು ಒಂದು ‘ಕವರಿಂಗ್ ಲೆಟರ್’ ಬೇಕೆಂದಳು. ನನ್ನ ಬಗ್ಗೆ ನಾನೇ ಚೆನ್ನಾಗಿ ಬರೆದುಕೊಳ್ಳಬೇಕಂತೆ. ನನಗೆ ನಾಚಿಕೆಯಾಯಿತು. ಆಮೇಲೆ ನಮ್ಮ ರಸ್ತೆಯ ಇತಿಹಾಸ ನೆನಪಾಗಿ ಧೈರ್ಯ ಬಂತು. ಮಗಳು ದಿನಾ ಬಸ್ಸಿನಲ್ಲಿ ಹೋಗುವ ತೊರವಿ ಇದೇ ರಸ್ತೆಯಲ್ಲಿದೆ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಆ ಊರಿನ ಬಳಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. ದೂರದೂರದ ಕಲ್ಲುಕುಟಿಗರು, ಗವಾಯಿಗಳು, ಬರಹಗಾರರು ನೌಕರಿ ಹುಡುಕಿಕೊಂಡು ಬಂದರು. ಇರಾನಿನ ಕವಿ ಜಹೂರಿ ಮೊದಲು ಅಹಮದನಗರದ ಸುಲ್ತಾನನ ಮೇಲೆ ಕಾವ್ಯ ಬರೆದು, ಆಮೇಲೆ ಬಿಜಾಪುರಕ್ಕೆ ಬಂದ. ಇಬ್ರಾಹಿಮನ ಹಾಡುಗಳ ಪುಸ್ತಕ ‘ಕಿತಾಬ್-ಎ-ನವರಸ್’ಗೆ ಅವನು ಬರೆದ ಪಾರಸಿ ಮುನ್ನುಡಿ ಬಹಳ ಹೆಸರಾಯಿತು. ಪಂಡಿತರು ಅದನ್ನು ಗದ್ಯದ ಮಾದರಿ ಅನ್ನುತ್ತಾರೆ, ನನಗೆ ಅದು ಜಗತ್ತಿನ ಅತ್ಯಂತ ಚೆಂದದ ಕವರಿಂಗ್ ಲೆಟರ್ ಎಂದು ತೋರುತ್ತದೆ. ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ದಂಡು ಹಾಳುಗೆಡವಿತು. ಅರಮನೆ ಬಿದ್ದರೂ ಅರ್ಜಿ ಉಳಿಯಿತು ನೋಡಿ.

ಜಹೂರಿಗೆ ಬರೆಯಲು ಬರುತ್ತಿತ್ತು. ಬಾರದವರ ನೌಕರಿಯನ್ನೂ ಈ ನೆಲ ಕಂಡಿದೆ. 1876ರಿಂದ 78ರ ವರೆಗಿನ ದೊಡ್ಡ ಬರದಲ್ಲಿ ನಮ್ಮ ಜಿಲ್ಲೆ (ಆಗ ಅದು ಕಲಾದಗಿ ಜಿಲ್ಲೆ) ಬಹಳ ಬಳಲಿತು. ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ಹೆಂಗಸರು ಕಲ್ಲು ಒಡೆದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು. ಕೂಲಿ ಗಂಡಸರಿಗಿಂತ ಕಡಿಮೆ. ಬರದಿಂದ ರಕ್ಷಣೆಗೆಂದೇ ಯೋಜಿಸಿದ ರೈಲು 1884ರಲ್ಲಿ ಬಿಜಾಪುರಕ್ಕೆ ಬಂತು. ಅಂದು ಮಣ್ಣು ಹೊತ್ತ ಒಬ್ಬ ಹೆಂಗಸಿನ ಹೆಸರೂ ಯಾವ ಟ್ರಂಕಿನಲ್ಲೂ ಸಿಗುವುದಿಲ್ಲ.

ಇನ್ನು ಈಗಿನ ಪದ್ಧತಿ. 1997ರಲ್ಲಿ ದಿಲ್ಲಿಯ ಸಂಜೀವ ಬಿಖ್‌ಚಂದಾನಿ ಎಂಬುವರು ನೌಕರಿ ಡಾಟ್ ಕಾಮ್ ಶುರು ಮಾಡಿದರು. ಆಫೀಸಿನಲ್ಲಿ ಜೊತೆಗಾರರು ಪತ್ರಿಕೆ ಬಂದ ಕೂಡಲೇ ಹಿಂದಿನ ಪುಟದ ನೌಕರಿ ಜಾಹೀರಾತು ಓದುವುದನ್ನು ನೋಡಿ ಅವರಿಗೆ ಈ ಯೋಚನೆ ಹೊಳೆಯಿತಂತೆ. ಕೇಂದ್ರ ಸರ್ಕಾರದ ‘ನ್ಯಾಷನಲ್ ಕರಿಯರ್ ಸರ್ವಿಸ್’ 2015ರಲ್ಲಿ ಬಂತು. ಅಲ್ಲಿ ಹೆಸರು ನೋಂದಾಯಿಸಲು ದುಡ್ಡು ಕೊಡಬೇಕಿಲ್ಲ. ಠಸ್ಸೆಗೆ ಸರದಿ ನಿಲ್ಲುವುದು ತಪ್ಪಿತು, ಆದರೆ ಹೊಸ ಕಷ್ಟಗಳು ಬಂದವು. ನನ್ನ ಮಾರ್ಕ್ಸ್‌ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯದು. ಕಾಗದದಲ್ಲಿ ಬಿಜಾಪುರ, 2014ರಿಂದ ಊರು ವಿಜಯಪುರ. ಊರು ಹೆಸರು ಬದಲಿಸಿದರೆ ಸರಕಾರ ಆದೇಶ ಹೊರಡಿಸುತ್ತದೆ. ಹೆಣ್ಣುಮಗಳು ಬದಲಿಸಿದರೆ ಅವಳೇ ಛಾಪಾ ಕಾಗದ ತಂದು ಅಫಿಡವಿಟ್ ಮಾಡಿಸಬೇಕು. ನಿಮ್ಮಲ್ಲಿಯೂ ಬಹಳ ಜನರಿಗೆ ಈ ಅನುಭವ ಆಗಿರಬೇಕು.

ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅರ್ಜಿ ಹಾಕಿದ ಎರಡನೇ ದಿನವೇ ಒಂದು ಫೋನು ಬಂತು. ಮನೆಯಲ್ಲೇ ಕೂತು ಟೈಪು ಮಾಡುವ ನೌಕರಿ, ಒಳ್ಳೆಯ ಪಗಾರ, ನೋಂದಣಿಗೆ ಮಾತ್ರ 1,500 ರೂಪಾಯಿ ಕಳಿಸಬೇಕು. ನನ್ನ ಯಜಮಾನರು ಪಕ್ಕದಲ್ಲಿ ಕೂತಿದ್ದವರು, “ಪಗಾರ ಅವರು ಕೊಡಬೇಕೋ ನಾವು ಕೊಡಬೇಕೋ ಕೇಳು” ಎಂದರು. ಕೇಳಿದೆ. ಫೋನು ಕಟ್ಟಾಯಿತು. ಮನೆಯಿಂದ ಹೊರಬೀಳಲಾಗದ ಹೆಂಗಸರನ್ನೇ ಇಂಥವರು ಹುಡುಕುತ್ತಾರೆ. ದುಡ್ಡು ಹೋದವರು ಮುಚ್ಚಿಟ್ಟುಕೊಂಡು ಅಳಬಾರದು, ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು.

ಎಲ್ಲ ಫಾರ್ಮುಗಳಲ್ಲೂ ನನ್ನನ್ನು ತಡೆದ ಖಾನೆ ಒಂದೇ. ‘ಅನುಭವ’. 1999ರಿಂದ 2013ರ ವರೆಗೆ ಏನು ಮಾಡುತ್ತಿದ್ದಿರಿ? ಆ ಹದಿನಾಲ್ಕು ವರ್ಷಕ್ಕೆ ಆಯ್ದುಕೊಳ್ಳಲು ಇದ್ದ ಮಾತು ‘ಅಂತರ’. ಎರಡು ಬಾಣಂತನ, ಮಾವನವರ ಲಕ್ವ, ಹೊಲಿಗೆ ಯಂತ್ರದ ಮೇಲೆ ಓಣಿಯ ಅರ್ಧದಷ್ಟು ಬ್ಲೌಸು, ಇಷ್ಟೆಲ್ಲವೂ ‘ಅಂತರ’.

ಹನ್ನೆರಡನೆಯ ಶತಮಾನದ ಶರಣೆಯರಿಗೆ ಈ ಖಾನೆ ಬೇಕಿರಲಿಲ್ಲ. ಅವರ ಕೆಲಸ ಹೆಸರಿನಲ್ಲೇ ಇತ್ತು. ನೂಲುವಾಕೆ ಕದಿರೆ ರೆಮ್ಮವ್ವೆ, ಬತ್ತ ಕುಟ್ಟುವಾಕೆ ಕೊಟ್ಟಣದ ಸೋಮವ್ವೆ, ಚೆಲ್ಲಿದ ಅಕ್ಕಿ ಆಯ್ದು ಬದುಕುವ ಮನೆಯ ಆಯ್ದಕ್ಕಿ ಲಕ್ಕಮ್ಮ. ಲಕ್ಕಮ್ಮನ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಒಳಗೆ ಇಡಿಸಿಕೊಳ್ಳಲಿಲ್ಲ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಮನೆಯಲ್ಲಿ ಎಷ್ಟಿರಬೇಕೆಂದು ನಿರ್ಧರಿಸುವ ಅಧಿಕಾರ ಆಕೆಗೆ ಬಂದದ್ದು ತನ್ನ ಕಾಯಕದಿಂದ. ಜಪಾನಿನ ಆ ತಾಯಿಗೆ ಯಾರಾದರೂ ಲಕ್ಕಮ್ಮನ ಕಥೆ ಹೇಳಬೇಕು.

ಈ ಹೆಣ್ಣುಮಕ್ಕಳ ಮಾತು ನಮ್ಮವರೆಗೆ ಬಂದದ್ದಾದರೂ ಹೇಗೆ? ನೂರಾರು ವರ್ಷ ತಾಡೋಲೆಯ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗುಲಿಯ ಮೇಲೆ, ಓದುವವರಿಲ್ಲದೆ ಬಿದ್ದಿದ್ದವು. ಕೆಲವಕ್ಕೆ ಪೂಜೆ, ಕೆಲವಕ್ಕೆ ಗೆದ್ದಲು. ನಮ್ಮೂರಿನ ವಕೀಲ ಫ.ಗು. ಹಳಕಟ್ಟಿಯವರು ರಬಕವಿ-ಬನಹಟ್ಟಿ ಮೊದಲಾದ ಕಡೆ ಅವನ್ನು ಬೇಡಿ ತಂದು ಶೋಧಿಸಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚಾಯಿತು. ಇದ್ದ ಮನೆ ಮಾರಿ 1925ರಲ್ಲಿ ಬಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅವರು ಬೇಡಲು ಬರುವುದಕ್ಕಿಂತ ಮೊದಲು ಯಾರಾದರೊಬ್ಬ ಸೊಸೆ, ಜಾಗ ಸಾಲದೆಂದು, ಆ ಕಟ್ಟುಗಳನ್ನು ಒಲೆಗೆ ಹಾಕಿದ್ದರೆ? ಹಾಕಿದವರೂ ಇರಬೇಕು. 2003ರಲ್ಲಿ ನಮ್ಮಲ್ಲಿ ಶುರುವಾದ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂತು. ಮಗಳು ತೊರವಿಗೆ ಹೋಗುವುದು ಅಲ್ಲಿಗೇ.

ರದ್ದಿಯವ ಬಂದಾಗ ತೂಕಕ್ಕೆ ಹೋದದ್ದು ಹದಿನಾರು ಕಿಲೋ. ಮಕ್ಕಳ ಹಳೆಯ ಗೈಡುಗಳು, ಲಗ್ನಪತ್ರಿಕೆಗಳು, ಕರೆಂಟು ಬಿಲ್ಲುಗಳು, ನಾನು ಕತ್ತರಿಸಿಟ್ಟಿದ್ದ ನೌಕರಿಯ ಜಾಹೀರಾತುಗಳು. ಎಂಪ್ಲಾಯ್‌ಮೆಂಟ್ ಕಾರ್ಡನ್ನೂ ನಾನೇ ಹಾಕಿದೆ. ಕಿಲೋಗೆ 12 ರೂಪಾಯಿ. ಅವನ ಕಣ್ಣಿದ್ದದ್ದು ಟ್ರಂಕಿನ ಮೇಲೆ, ಅದಕ್ಕೆ ಬೇರೆ 300 ಕೊಟ್ಟ. ಟ್ರಂಕು ಹೋದ ಜಾಗದಲ್ಲಿ ಹಾಸಿಗೆಯ ಸುರುಳಿಗಳು ಕೂತವು, ಸುರುಳಿಗಳಿದ್ದ ಮೂಲೆಯಲ್ಲಿ ಟೇಬಲ್ಲು. ‘ಅಂತರ’ದ ಖಾನೆಯಲ್ಲಿ ಮಗಳು ಹೊಲಿಗೆ ಎಂದು ತುಂಬಿ, ಒಂದು ಸಹಕಾರಿ ಸಂಘಕ್ಕೂ ಒಂದು ಆಸ್ಪತ್ರೆಯ ದಾಖಲೆ ವಿಭಾಗಕ್ಕೂ ಅರ್ಜಿ ಕಳಿಸಿದ್ದಾಳೆ. ಎರಡೂ ಕಡೆಯಿಂದ ‘ನಿಮ್ಮ ಅರ್ಜಿ ತಲುಪಿದೆ’ ಎಂದಷ್ಟೇ ಉತ್ತರ ಬಂದಿದೆ.

ಉಳಿದ ಕಾಗದಗಳು ಈಗ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಗೋಡೆಯ ಮೊಳೆಗೆ ನೇತಾಡುತ್ತಿವೆ. ಮುಲ್ಕಿಯ ಕಾಗದದ ಫೋಟೋವನ್ನು ಮಗಳು ಮೊಬೈಲಿನಲ್ಲಿ ತೆಗೆದು, “ಇನ್ನ ಇದು ಎಲ್ಲೂ ಹೋಗಂಗಿಲ್ಲ, ಆಯಿ” ಎಂದಳು. ಆಯಿ ಒಪ್ಪಲಿಲ್ಲ. ಅಸಲು ಕಾಗದವನ್ನೇ ಫೈಲಿಗೆ ಹಾಕಿಸಿದರು, ಅದೂ ಎಲ್ಲರದಕ್ಕಿಂತ ಮೇಲೆ.