ಕಂಟ್ರೋಲ್-ಸಿ ಒತ್ತಿದ್ದೇ ತಪ್ಪಾ?

ದೇರೆಬೈಲಿನ ಬಾಡಿಗೆ ರೂಮು. ಹೊರಗೆ ಜಡಿಮಳೆ, ರಾತ್ರಿ ಹನ್ನೊಂದು ಗಂಟೆ. ಕೆಲಸಕ್ಕೆ ಸೇರಿ ಎರಡೇ ವಾರ ಆಗಿತ್ತು. ಲಿನಕ್ಸ್ ಟರ್ಮಿನಲ್‌ನಲ್ಲಿ ಸಂಜೆಯಿಂದ ಒಂದು ಡೇಟಾ ವರ್ಗಾವಣೆ ಓಡ್ತಾ ಇತ್ತು. ನಡುವೆ ಬಂದ ಎರರ್ ಸಾಲನ್ನು ಸೀನಿಯರ್‌ಗೆ ಕಳಿಸೋಣ ಅಂತ ಮೌಸಿನಲ್ಲಿ ಎಳೆದು ಗುರುತು ಮಾಡಿ ಕಂಟ್ರೋಲ್-ಸಿ ಒತ್ತಿದೆ. ಅಷ್ಟೇ, ಓಡ್ತಾ ಇದ್ದ ಪ್ರೋಗ್ರಾಮೇ ನಿಂತುಹೋಯ್ತು! ಐದು ಗಂಟೆಯ ಕೆಲಸ ನೀರುಪಾಲು. ಮರುದಿನ, “ಇಷ್ಟೂ ಗೊತ್ತಿಲ್ವಾ?” ಅಂದ್ರು. ಹಳ್ಳಿ ಶಾಲೆಯವನಲ್ವಾ, ಅದಕ್ಕೇ ಗೊತ್ತಿಲ್ಲ ಅಂತ ನಾನೂ ನಂಬಿಬಿಟ್ಟೆ.

ಎಷ್ಟೋ ದಿನ ಆದ ಮೇಲೆ ಇದರ ಇತಿಹಾಸ ಹುಡುಕಿದೆ. ಆಸ್ಕಿ ಪಟ್ಟಿಯಲ್ಲಿ ಕಂಟ್ರೋಲ್-ಸಿ ಅಂದ್ರೆ 3ನೇ ಸಂಕೇತ, ‘ಪಠ್ಯ ಮುಗಿಯಿತು’ ಎಂಬ ಸೂಚನೆ. 1960ರ ದಶಕದಲ್ಲೇ ಡೆಕ್ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಪ್ರೋಗ್ರಾಮ್ ನಿಲ್ಲಿಸಲು ಇದನ್ನು ಒತ್ತುತ್ತಿದ್ದರು. ಆಗ ಟೆಲಿಟೈಪ್ ಕಾಗದದ ಮೇಲೆ ಟಕಟಕ ಅಚ್ಚು ಹಾಕೋ ಕಾಲ. ಮೌಸಿನಲ್ಲಿ ಎಳೆದು ಕಾಪಿ ಮಾಡೋ ಮಾತೆಲ್ಲಿ ಬಂತು?

1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಕಟ್-ಕಾಪಿ-ಪೇಸ್ಟ್ ರೂಪಿಸಿದರು. ಎಕ್ಸ್, ಸಿ, ವಿ ಅಕ್ಷರಗಳು ಜನಪ್ರಿಯವಾದದ್ದು ಆಪಲ್‌ನ ಲೀಸಾ (1983), ಮ್ಯಾಕಿಂಟಾಷ್ (1984) ಮೂಲಕ. ಅಲ್ಲಿ ಅದಕ್ಕೇ ಬೇರೆ ಕೀಲಿ ಇತ್ತು, ಜಗಳ ಇರಲಿಲ್ಲ. ವಿಂಡೋಸ್ ಅದನ್ನು ಕಂಟ್ರೋಲ್ ಕೀಲಿಗೆ ತಂದಿತು. ನಾವು ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿತದ್ದೂ ಅದನ್ನೇ.

ಯುನಿಕ್ಸ್‌ನವರ ದಾರಿಯೇ ಬೇರೆ. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್‌ನಲ್ಲಿ ಮೌಸಿನಿಂದ ಎಳೆದರೆ ಸಾಕು, ಕಾಪಿ. ನಡುಗುಂಡಿ ಒತ್ತಿದರೆ ಪೇಸ್ಟ್. ಕಿಟಕಿಗಳೇ ಇಲ್ಲದ ಬರೀ ಲಿನಕ್ಸ್ ಕನ್ಸೋಲಿಗೂ 1990ರ ದಶಕದಲ್ಲಿ ಅಲೆಸ್ಸಾಂಡ್ರೋ ರುಬಿನಿಯ ಜಿಪಿಎಂ ಇದೇ ರೂಢಿ ತಂದಿತು. ಅಂದ್ರೆ ಆ ರಾತ್ರಿ ನಾನು ಎಳೆದಾಗಲೇ ಆ ಸಾಲು ಕಾಪಿ ಆಗಿತ್ತು, ಮಾರಾಯ್ರೆ!

ಹಳಬರು ಅಭ್ಯಾಸ ಬಿಡಲಿಲ್ಲ, ಹೊಸಬರಿಗೆ ಅದು ಗೊತ್ತಾಗಲಿಲ್ಲ. ತೋಟದ ನಡುವಿನ ಕಾಲುದಾರಿಯ ಹಾಗೆ: ಮೊದಲು ನಡೆದವರ ಹೆಜ್ಜೆಯೇ ಹಕ್ಕು. ಆದರೂ ಬೇಲಿ ಸ್ವಲ್ಪ ಸರಿದಿದೆ. ಹಲವು ಲಿನಕ್ಸ್ ಟರ್ಮಿನಲ್‌ಗಳಲ್ಲಿ ಕಂಟ್ರೋಲ್-ಶಿಫ್ಟ್-ಸಿ ಬಂತು. 2015ರ ವಿಂಡೋಸ್ 10 ಕನ್ಸೋಲಿನಲ್ಲಿ ಪಠ್ಯ ಗುರುತು ಮಾಡಿದ್ದರೆ ಕಂಟ್ರೋಲ್-ಸಿ ಕಾಪಿ ಮಾಡ್ತದೆ, ಇಲ್ಲದಿದ್ದರೆ ನಿಲ್ಲಿಸ್ತದೆ. 2020ರ ಬ್ಯಾಶ್ 5.1ರಿಂದ, ಪೇಸ್ಟ್ ಮಾಡಿದ ಕಮಾಂಡ್ ನೀವು ಎಂಟರ್ ಒತ್ತೋ ತನಕ ಓಡೋದಿಲ್ಲ.

ಈಗ ನನ್ನ ಟೀಮಿಗೆ ಹೊಸಬರು ಬಂದರೆ ಮೊದಲ ದಿನವೇ ಇದನ್ನು ತೋರಿಸಿಬಿಡ್ತೇನೆ. “ಇಷ್ಟೂ ಗೊತ್ತಿಲ್ವಾ” ಅಂತ ಮಾತ್ರ ಯಾರಿಗೂ ಕೇಳೋದಿಲ್ಲ.